ಗೋಡೆಗೆ ಬೆನ್ನು ಕೊಟ್ಟು ನಿಂತವರು

ಅವರ ಅಂಗಿಯ ಬೆನ್ನು ಯಾವಾಗಲೂ ಬೆಳ್ಳಗಿರುತ್ತಿತ್ತು. ಎದುರಿನಿಂದ ನೋಡಿದರೆ ಇಸ್ತ್ರಿ ಹಾಕಿದ ತಿಳಿನೀಲಿ ಅಂಗಿ, ಜೇಬಿಗೆ ಸಿಕ್ಕಿಸಿದ ಪೆನ್ನು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಬ್ಯಾಂಕಿನಿಂದ ನಿವೃತ್ತರಾದ ಅಧಿಕಾರಿ ಹೇಗಿರಬೇಕೋ ಹಾಗೆ. ತಿರುಗಿ ನಿಂತರೆ ಎರಡು ಭುಜಗಳ ನಡುವೆ, ಹಿಟ್ಟಿನ ಮೂಟೆ ಹೊತ್ತು ಬಂದವರ ಹಾಗೆ, ಸುಣ್ಣದ ಪುಡಿ. ಅದು ನಮ್ಮ ಕಟ್ಟಡದ ಗೋಡೆಯ ಪುಡಿ. ಹೊರಗಿನವರು ಯಾರಾದರೂ ಗೇಟಿನೊಳಗೆ ಕಾಲಿಟ್ಟರೆ ಸಾಕು, ಇವರು ಅವಸರದಿಂದ ಮೆಟ್ಟಿಲಿಳಿದು ಬಂದು, ಮೊದಲ ಮಹಡಿಯ ತಿರುವಿನಲ್ಲಿ ನೀರು ಕುಡಿದು ಉಬ್ಬಿ ಗುಳ್ಳೆ ಎದ್ದ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಬಂದವರು ಬಾಡಿಗೆಗೆ ಮನೆ ನೋಡಲು ಬಂದಿರಲಿ, ನೆಂಟರಿರಲಿ, ಗ್ಯಾಸ್ ಸಿಲಿಂಡರ್ ಹೊತ್ತವನೇ ಇರಲಿ, ಅವನು ದಾಟಿ ಮೇಲೆ ಹೋಗುವ ತನಕ ಮಾತು ನಿಲ್ಲುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವರು ಅದನ್ನೂ ಮಾಡುತ್ತಿರಲಿಲ್ಲ. ಬೆನ್ನ ಮೇಲೆ ಗೋಡೆಯನ್ನೇ ಹೊತ್ತುಕೊಂಡು ಪೇಟೆಗೆ ಹೋಗಿ ಬರುತ್ತಿದ್ದರು.

ಅವರು ಕುಮಟೆಯ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಯಾರು ಆರಿಸಿದ್ದೋ ಯಾರಿಗೂ ನೆನಪಿರಲಿಲ್ಲ. ನಾನು ಮದುವೆಯಾಗಿ ಅಲ್ಲಿಗೆ ಬರುವಾಗಲೇ ಅವರು ಸೆಕ್ರೆಟರಿಯಾಗಿದ್ದರು. ಆಮೇಲೆ ಕಟ್ಟಡದ ಕಬ್ಬಿಣದ ಗೇಟು ತುಕ್ಕು ತಿಂದು ಉದುರಿ ಹೊಸದು ಬಂತು, ಅವರು ಮಾತ್ರ ಬದಲಾಗಲಿಲ್ಲ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕಡೆಯ ರೂಢಿಯಂತೆ ಅವರು ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ನಾನು ಅವರನ್ನು ಎದುರಿಗೆ ಸರ್ ಎನ್ನುತ್ತಿದ್ದೆ. ಹಿಂದಿನಿಂದ ಏನೆನ್ನುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಕಟ್ಟಡವೇ ಮಗಳು. ಇದು ನನ್ನ ವ್ಯಂಗ್ಯವಲ್ಲ, ಅವರದೇ ಮಾತು. ಒಮ್ಮೆ ನಮ್ಮ ಬಚ್ಚಲಿನ ಗೋಡೆ ಹಸಿರಾಗಿದೆ ಎಂದು ದೂರು ಹೇಳಲು ಹೋದಾಗ, ನನ್ನನ್ನು ಕೂರಿಸಿ, ಬಾಗಿಲು ಮುಂದೆ ಮಾಡಿ, ಸಣ್ಣ ದನಿಯಲ್ಲಿ ಹೇಳಿದರು: “ಬಿಲ್ಡಿಂಗು ಅಂದ್ರೆ ಮನೆ ಮಗಳಿದ್ದಂಗೆ ಅಕ್ಕೋರೇ. ಸಣ್ಣ ದೋಷ ಇದ್ರೆ ಊರಿಗೆಲ್ಲಾ ಹೇಳ್ಕಂಡು ತಿರುಗ್ತ್ರಾ?”

“ಮಗಳಿಗೆ ಆರಾಮಿಲ್ದಿದ್ರೆ ಡಾಕ್ಟ್ರಿಗಾದ್ರೂ ಹೇಳ್ತ್ರು ಸರ್” ಅಂದೆ.

“ಅದು ಬೇರೆ ಬಿಡಿ” ಎಂದು ಎದ್ದುಬಿಟ್ಟರು.

ಅವರ ಬಾಯಲ್ಲಿ ಯಾವ ದೋಷಕ್ಕೂ ಅದರ ಹೆಸರಿರುತ್ತಿರಲಿಲ್ಲ. ಗೋಡೆಯಿಂದ ನೀರು ಒಸರಿದರೆ ಅದು ತಂಪು. “ಕರಾವಳಿ ಅಂದ್ಮೇಲೆ ತಂಪು ಇರೂದೇಯ.” ಚಾವಣಿಯ ಮೂಲೆಯಲ್ಲಿ ಕಪ್ಪು ಹರಡಿದರೆ ಅದು ನೆರಳು. ಮೂಗಿಗೆ ಹೊಡೆಯುವ ಮುಗ್ಗಲು ವಾಸನೆಗೆ ಅವರು ಹೇಳುತ್ತಿದ್ದದ್ದು ಮಳೆಗಾಲದ ವಾಸನೆ ಎಂದು, ಚೈತ್ರ ಮಾಸದಲ್ಲಿಯೂ ಕೂಡ. ಪ್ರತಿವರ್ಷ ಚೌತಿಗೆ ಮೊದಲು ಅವರೇ ಪಂಚೆ ಮೇಲೆ ಕಟ್ಟಿ, ಬ್ರಶ್ಶು ಹಿಡಿದು, ಮೆಟ್ಟಿಲಿನ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಒದ್ದೆ ಗೋಡೆಯ ಮೇಲೆ ಹಳೆಯ ಗುಳ್ಳೆ, ಅದರ ಮೇಲೆ ಹೊಸ ಬಣ್ಣ. ದೀಪಾವಳಿಯ ಹೊತ್ತಿಗೆ ಎಲ್ಲ ಸೇರಿ ಚಕ್ಕೆ ಚಕ್ಕೆಯಾಗಿ ಎದ್ದುಬರುತ್ತಿತ್ತು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಕಲಿಸುವಾಗ ಉದಾಹರಣೆಗೆ ತಡಕಾಡಬೇಕಾದದ್ದೇ ಇರಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅವರು ಡಕ್ಟಿಗೆ ಶೀಟು ಹೊದಿಸಿದರು.

ಡಕ್ಟು ಎಂದರೆ ಕಟ್ಟಡದ ನಡುವೆ ತಳದಿಂದ ಟೆರೇಸಿನ ತನಕ ಬಿಟ್ಟ ಕಿರಿದಾದ ಬಾವಿಯಂಥ ಜಾಗ. ಎಲ್ಲ ಮನೆಗಳ ಬಚ್ಚಲು ಪಾಯಖಾನೆಗಳ ಕಿಟಕಿಗಳು ಅದಕ್ಕೇ ತೆರೆದುಕೊಳ್ಳುತ್ತವೆ. ಒಳಗಿನ ಹಬೆ, ವಾಸನೆ ಎಲ್ಲ ಅದರ ಬಾಯಿಂದ ಮೇಲೆ ಹೋಗಬೇಕು. ಮಳೆಗಾಲದಲ್ಲಿ ಅದರೊಳಗೆ ನೀರು ಸುರಿಯುವುದು, ಪಾರಿವಾಳ ಇಳಿದು ಗಲೀಜು ಮಾಡುವುದು ಅವರಿಗೆ ಸರಿಬರಲಿಲ್ಲ. ನಮ್ಮ ಕಡೆ ಮಳೆ ಎಂದರೆ ಏನಾದರೂ ಮುಚ್ಚುವುದು ಎಂದೇ ಅರ್ಥ. ಹಿಂದೆ ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಳೆ ಹೋದ ಮೇಲೆ ಬಿಚ್ಚುತ್ತಿದ್ದರು. ಇವರು ಕಟ್ಟುವುದನ್ನು ನೆನಪಿಟ್ಟುಕೊಂಡರು, ಬಿಚ್ಚುವುದನ್ನು ಮರೆತರು. ಡಕ್ಟಿನ ಬಾಯಿಗೆ ಫೈಬರ್ ಶೀಟು, ಸುತ್ತ ಸಂದಿಗಳಿಗೆ ದಪ್ಪ ಪ್ಲಾಸ್ಟಿಕ್ಕು. ಕೆಲಸ ಮುಗಿದ ದಿನ ಟೆರೇಸಿನಲ್ಲಿ ತೆಂಗಿನಕಾಯಿ ಒಡೆದು, ಎಲ್ಲರಿಗೂ ಶಿರಾ ಹಂಚಿ, ಭಾಷಣ ಬೇರೆ ಮಾಡಿದರು. ಒಂದು ಶೀಟಿಗೆ ಉದ್ಘಾಟನೆ! ನಾನೂ ಶಿರಾ ತಿಂದೆ, ಚಲೋ ಆಗಿತ್ತು. ಅದನ್ನು ಮಾಡಿದವರು ಅವರ ಹೆಂಡತಿ.

ಆ ಹೆಂಗಸಿನ ಬಗ್ಗೆ ಒಂದು ಮಾತು ಹೇಳಬೇಕು. ಬಡಕಲು ಮೈ, ದೊಡ್ಡ ಕುಂಕುಮ. ಗಂಡ ಮಾತಾಡುವಾಗ ಒಳಗಿನ ಬಾಗಿಲಿನಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. ಮೊದಮೊದಲು ನಾನು ಅದನ್ನು ನಾಚಿಕೆ ಎಂದುಕೊಂಡಿದ್ದೆ.

ಶೀಟು ಬಂದ ಮೇಲೆ ನಮ್ಮ ಬಚ್ಚಲು ಒಣಗಿದ್ದನ್ನು ನಾನು ನೋಡಲಿಲ್ಲ. ಪಾರಿವಾಳಗಳು ಎಲ್ಲಿಂದಲೋ ಪ್ಲಾಸ್ಟಿಕ್ಕು ಕುಕ್ಕಿ ಒಳಗೆ ನುಗ್ಗಿದವು. ಮೊದಲು ಬಂದು ಹೋಗುತ್ತಿದ್ದವು, ಈಗ ಮಳೆ ತಾಗದ ಮನೆ ಸಿಕ್ಕಿತೆಂದು ಸಂಸಾರ ಹೂಡಿದವು. ಚರ್ಮದ ಚಪ್ಪಲಿಗೆ, ನನ್ನ ಗಂಡನ ಬೆಲ್ಟಿಗೆ, ಮಗಳ ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯಿತು. ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಯ ಮೇಲೂ ಬಿಳಿ ಬಿಳಿ ಚುಕ್ಕೆ. ಕೊನೆಗೆ ಎರಡನೇ ತರಗತಿಯಲ್ಲಿದ್ದ ಮಗಳಿಗೆ ಉಬ್ಬಸ ಶುರುವಾಯಿತು. ಶಾಲೆಯಲ್ಲಿ ಓಡಾಡಿಕೊಂಡು ಚೆನ್ನಾಗಿರುವ ಹುಡುಗಿ, ಮನೆಗೆ ಬಂದು ಒಂದು ಗಳಿಗೆಯಲ್ಲಿ ಎದೆ ಸುಯ್ಯೆನ್ನಿಸಿಕೊಂಡು ಕೂರುತ್ತಿದ್ದಳು. ಬಾಡಿಸಿದ ಸೊಪ್ಪಿನ ಹಾಗೆ ಮಡಿಲಲ್ಲಿ ಮಲಗಿದ ಆ ಮಗುವಿನ ಪಕ್ಕೆಲುಬು ಮೇಲೆ ಕೆಳಗೆ ಆಗುವುದನ್ನು ನೋಡುತ್ತ ನಾನು ಯಾರನ್ನು ಶಪಿಸಬೇಕೋ ಅವರನ್ನು ಸರಿಯಾಗಿಯೇ ಶಪಿಸುತ್ತಿದ್ದೆ.

ಹೊನ್ನಾವರದಲ್ಲಿ ಮಕ್ಕಳನ್ನು ನೋಡುವ ಒಬ್ಬರು ಹಿರಿಯ ಡಾಕ್ಟರು ಎಲ್ಲ ಕೇಳಿ, “ಮದ್ದು ನಾ ಕೊಡ್ತೆ. ಆದ್ರೆ ಶಾಲೇಲಿ ಆರಾಮಿದ್ದ ಹುಡುಗಿಗೆ ಮನೇಲಿ ಎಂತಕ್ಕೆ ಹಿಂಗಾಗ್ತದೆ? ಹುಡುಗೀನ ನಂಗೆ ತೋರ್ಸಿದ್ರಿ, ಮನೆನ ಯಾರಿಗಾದ್ರೂ ತೋರ್ಸಿ” ಎಂದರು. ಮನೆಗಳ ತೇವ, ಬೂಷ್ಟು, ಒಳಗಾಳಿ ಪರೀಕ್ಷೆ ಮಾಡುವವರೊಬ್ಬರು ಮಂಗಳೂರಿನಲ್ಲಿದ್ದಾರೆಂದು ಅವರೇ ಹುಡುಕಿಸಿ ಕೊಟ್ಟರು. ಫೋನು ಮಾಡಿದೆ. ಹೆಣ್ಣುಮಗಳು. ಬರಲು ಒಪ್ಪಿ ಒಂದೇ ಷರತ್ತು ಹೇಳಿದರು: ಬರುವ ಹಿಂದಿನ ದಿನದಿಂದ ಏನನ್ನೂ ತೊಳೆಯಬೇಡಿ, ಧೂಪ ಹಾಕಬೇಡಿ, ಮನೆ ದಿನಾ ಹೇಗಿರುತ್ತದೋ ಹಾಗೇ ಇರಲಿ. ಅಕ್ಕಪಕ್ಕದ ಮನೆಗಳನ್ನೂ ನೋಡಬೇಕಾಗಬಹುದು ಎಂದರು. ಅದಕ್ಕಾಗಿ ನಾನು ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ವಿಷಯ ತಿಳಿಸಿದೆ.

ಸೆಕ್ರೆಟರಿ ಅದನ್ನು ಓದಿದರು. ಓದಿ, ಹುಡುಗಿಯನ್ನು ನೋಡಲು ವರನ ಕಡೆಯವರು ಬರುತ್ತಾರೆಂಬ ಸುದ್ದಿ ಬಂದ ಮನೆಯ ಯಜಮಾನನ ಹಾಗೆ ಸಿದ್ಧತೆಗೆ ಇಳಿದರು. ಬಾಗಿಲು ಬಾಗಿಲಿಗೆ ಹೋಗಿ, “ಅಕ್ಕೋರು ಹಂಗೇ ಇಡಿ ಅಂದಿದ್ರು. ಬರುವವ್ರ ಎದುರು ಹಂಗೇ ಇಡೂಕಾಗ್ತದ್ಯಾ? ನಾಳೆ ಊರೆಲ್ಲಾ ಎಂತಾ ಮಾತಾಡ್ತ್ರು?” ಎಂದು ಕೇಳಿಕೊಂಡು ಬಂದರು. ಬೇರೆ ಊರಿನವರಾಗಿದ್ದರೆ ನಕ್ಕು ಕಳಿಸುತ್ತಿದ್ದರು. ನಮ್ಮ ಜನಕ್ಕೆ ಮನೆಗೆ ಬರುವವರಿದ್ದಾರೆ ಎಂದರೆ ಸಾಕು, ಅವರು ಕಸವನ್ನೇ ನೋಡಲು ಬರುವವರಾಗಿದ್ದರೂ ಮೊದಲು ಕಸ ಗುಡಿಸಬೇಕು. ನಾನು ಶಾಲೆಯಿಂದ ಬರುವಷ್ಟರಲ್ಲಿ ಇಡೀ ಕಟ್ಟಡ ಫಿನೈಲಿನಲ್ಲಿ ಮಿಂದಿತ್ತು. ಗೋಡೆಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದರು. ಮೆಟ್ಟಿಲಿಗೆ ಹಸಿ ಬಣ್ಣ. ಮರುದಿನ ಬೆಳಿಗ್ಗೆ ಪ್ರತಿ ಮನೆಯಲ್ಲೂ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಲೋಬಾನ. ನಾನು ಕಿಟಕಿ ಬಾಗಿಲು ಮುಚ್ಚಿ ಕೂತರೂ ಡಕ್ಟಿನಿಂದ ಹೊಗೆ ನಮ್ಮ ಬಚ್ಚಲಿಗೆ ಇಳಿಯಿತು, ಬಚ್ಚಲಿನಿಂದ ಕೋಣೆಗೆ. ಮೇಲೆ ಹೋಗಲು ದಾರಿ ಇದ್ದರೆ ತಾನೆ?

ಆ ಹೆಣ್ಣುಮಗಳು ಮಂಗಳೂರಿನಿಂದ ರೈಲಿನಲ್ಲಿ ಬಂದಿಳಿದು, ಗೇಟಿನಲ್ಲೇ ಕೆಮ್ಮಿದರು. ಸೆಕ್ರೆಟರಿ ಗೋಡೆಗೆ ಬೆನ್ನು ಕೊಟ್ಟು, ಕೈಮುಗಿದು ಸ್ವಾಗತಿಸಿದರು. ಅಂದು ಅವರ ಬೆನ್ನಿಗೆ ಹತ್ತಿದ್ದು ಹಸಿ ಬಣ್ಣ. ಪರೀಕ್ಷಕಿ ತಮ್ಮ ಗಾಳಿ ಅಳೆಯುವ ಯಂತ್ರವನ್ನು ಹೊರತೆಗೆದು, ಒಂದು ಗಳಿಗೆ ನೋಡಿ, ಮತ್ತೆ ಚೀಲಕ್ಕೆ ಹಾಕಿದರು. “ಇವತ್ತು ಇಲ್ಲಿ ಅಳೆದ್ರೆ ನಿಮ್ಮ ಹೊಗೆಯ ಲೆಕ್ಕ ಸಿಕ್ಕೀತು, ಬೂಷ್ಟಿನದ್ದಲ್ಲ. ಎಂತ ಇದು, ಹೋಮ ಉಂಟಾ ಇಲ್ಲಿ?” ಎಂದು ನನ್ನನ್ನು ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಂದು ಮಧ್ಯಾಹ್ನ ಮಗಳಿಗೆ ಹಿಂದೆಂದೂ ಆಗದಷ್ಟು ಉಸಿರು ಕಟ್ಟಿತು. ತುಟಿ ನೀಲಿಗಟ್ಟಿತು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಮೂಗಿಗೆ ಮಾಸ್ಕು ಹಾಕಿ, ಮದ್ದಿನ ಹಬೆ ಕೊಟ್ಟ ಮೇಲೆ, ಸಂಜೆಯ ಹೊತ್ತಿಗೆ ಅವಳು ನೀರು ಕೇಳಿದಳು. ಅಷ್ಟರಲ್ಲಿ ಸೆಕ್ರೆಟರಿ ಎಳನೀರು ಹಿಡಿದುಕೊಂಡು ಬಂದರು. ಮಂಚದ ಪಕ್ಕ ನಿಂತು ಮಗುವಿನ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಪರೀಕ್ಷೆ ಬರೆದು ಬಂದ ಹುಡುಗನ ಮುಖ ಹೊತ್ತು, “ಅಂತೂ ಬಿಲ್ಡಿಂಗ್ ಪಾಸಾತು ಅಲ್ದಾ ಅಕ್ಕೋರೇ? ಬೂಷ್ಟು ಸಿಕ್ಕಲೇ ಇಲ್ವಂತೆ!” ಎಂದರು.

ನಾನು ಎಳನೀರನ್ನು ತೆಗೆದುಕೊಂಡು, ಅವರೆದುರೇ ಕೆಳಗೆ ಕೂತಿದ್ದ ಬೇರೊಬ್ಬ ರೋಗಿಯ ತಾಯಿಗೆ ಕೊಟ್ಟೆ. ಸೆಕ್ರೆಟರಿಗೆ ಅರ್ಥವಾಗಲಿಲ್ಲ. “ಅಡ್ಡಿಲ್ಲ, ಇನ್ನೊಂದು ತತ್ತೆ” ಎಂದರು. ಬೈದರೆ ತಾಗುವ ಚರ್ಮವೇ ಅವರದಾಗಿರಲಿಲ್ಲ. ಒಬ್ಬ ಮನುಷ್ಯನನ್ನು ನಾನು ಅಷ್ಟು ತುಚ್ಛವಾಗಿ ಕಂಡದ್ದು ಅದೇ ಮೊದಲು.

ಎರಡನೇ ಸಲ ಪರೀಕ್ಷಕಿ ಯಾರಿಗೂ ಹೇಳದೆ ಬಂದರು. ನಮ್ಮ ಮನೆಯ ಗೋಡೆಗೆ ತೇವ ಅಳೆಯುವ ಕೈಯಂತ್ರ ಒತ್ತಿದಲ್ಲೆಲ್ಲ ಅದು ಕುಂಯ್ಗುಟ್ಟಿತು. ಗಾಳಿ ಹೀರುವ ಸಣ್ಣ ಪಂಪನ್ನು ಮಗಳ ಕೋಣೆಯಲ್ಲಿ ಇಟ್ಟು ಓಡಿಸಿದರು, ಬಚ್ಚಲಿನ ಕಿಟಕಿಯಿಂದ ಡಕ್ಟಿಗೆ ಟಾರ್ಚು ಬಿಟ್ಟು ನೋಡಿದರು. “ಇದು ನಿಮ್ಮದೊಂದೇ ಮನೆಯ ಕತೆ ಅಲ್ಲ. ಆಚೆ ಬದಿಯ ಮನೆ ನೋಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. ಡಕ್ಟಿನ ಆಚೆ ಬದಿಯ ಮನೆ ಸೆಕ್ರೆಟರಿಯದು. ಅವರು ಪೇಟೆಗೆ ಹೋಗಿದ್ದರು. ಬಾಗಿಲು ತೆರೆದದ್ದು ಹೆಂಡತಿ. ಕಾರಣ ಹೇಳಲು ನಾನು ತಡವರಿಸುತ್ತಿರುವಾಗಲೇ ಅವರು ಪಕ್ಕಕ್ಕೆ ಸರಿದು, “ಬನ್ನಿ. ಮೊದ್ಲು ಮಲಗೂ ಕೋಣೆ ನೋಡಿ” ಎಂದರು.

ಕೋಣೆಯ ಗೋಡೆಗೆ ತಾಗಿ ಕಬ್ಬಿಣದ ಕಪಾಟು. ಆಕೆಯೇ ಅದರ ಒಂದು ಬದಿಗೆ ಕೈಹಾಕಿದರು. ನಾವು ಮೂವರೂ ಸೇರಿ ಕಿಟಕಿಯ ಕಡೆಗೆ ನೂಕಿದೆವು. ಹಿಂದೆ ಇಡೀ ಗೋಡೆ, ಕಾವಲಿಯ ತಳದಷ್ಟು ಕಪ್ಪಗೆ, ಮುಟ್ಟಿದರೆ ಮೆತ್ತಗೆ. ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಆ ಗೋಡೆಗೆ ತಲೆ ಮಾಡಿ ಅವರಿಬ್ಬರ ಹಾಸಿಗೆ.

ಅಷ್ಟರಲ್ಲಿ ಸೆಕ್ರೆಟರಿ ಬಂದರು. ಕೈಯಲ್ಲಿ ತರಕಾರಿ ಚೀಲ. ನಮ್ಮನ್ನು ನೋಡಿದರು, ಗೋಡೆಯನ್ನು ನೋಡಿದರು. ಒಂದು ಕ್ಷಣ ಅವರ ಮುಖದಲ್ಲಿ ಮನುಷ್ಯ ಕಾಣಿಸಿದ ಅನ್ನಿಸಿತು ನನಗೆ. ಆಮೇಲೆ ಚೀಲ ಕೆಳಗಿಟ್ಟು, ಸರಸರನೆ ನಡೆದು, ಆ ಕಪ್ಪು ಗೋಡೆಗೆ ಬೆನ್ನು ಕೊಟ್ಟು ನಿಂತರು.

“ಇದು ಬೂಷ್ಟಲ್ಲ. ಕಪಾಟಿನ ನೆರಳು” ಅಂದರು.

ಪರೀಕ್ಷಕಿ ಬಹಳ ಮರ್ಯಾದೆಯ ಹುಡುಗಿ. “ಕಪಾಟು ಇಲ್ಲಿ ಉಂಟಲ್ಲ ಸರ್” ಎಂದು ಕಿಟಕಿಯ ಕಡೆ ತೋರಿಸಿದರು.

“ಬಹಳ ವರ್ಷ ಒಂದೇ ಬದಿಗೆ ಇತ್ತು. ನೆರಳು ಹಿಡ್ಕಂಡುಬಿಟ್ಟದೆ.”

ಹೆಂಡತಿ ಕೆಮ್ಮಿದರು. ಪರೀಕ್ಷಕಿ ಅವರ ಕಡೆ ತಿರುಗಿ, ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದರು. ಉತ್ತರ ಕೊಟ್ಟದ್ದು ಸೆಕ್ರೆಟರಿ: “ಅವಳಿಗೆ ಸಣ್ಣಿರುವಾಗಿಂದ್ಲೂ ಅದೆ.”

“ಸಣ್ಣಿರುವಾಗ ಇಲ್ಲಾಗಿತ್ತು” ಎಂದರು ಹೆಂಡತಿ, ನೆಲ ನೋಡುತ್ತ. “ಶೀಟು ಹಾಕ್ದ ಮೇಲೆ.”

ಅವರ ಮುಂದೆ ಆಕೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೆಕ್ರೆಟರಿ ಗೋಡೆ ಬಿಟ್ಟು ಕದಲಲಿಲ್ಲ. ನಾವು ಹೊರಟಾಗ ಬಾಗಿಲ ತನಕ ಬಂದರು, ಆಗ ಅವರ ಬೆನ್ನು ಕಪ್ಪಾಗಿತ್ತು.

ಪರೀಕ್ಷಕಿ ಹೇಳಿದ್ದು ನೇರವಾಗಿತ್ತು. ಶೀಟು ತೆಗೆಯಬೇಕು ಅಥವಾ ಗಾಳಿಯಾಡುವಷ್ಟು ಎತ್ತರಿಸಬೇಕು, ಡಕ್ಟಿನೊಳಗೆ ಒಡೆದ ಪೈಪು ಸರಿಮಾಡಬೇಕು, ಪಾರಿವಾಳದ ಗಲೀಜು ತೆಗೆಸಬೇಕು, ಒದ್ದೆ ಗಿಲಾವು ಕೆತ್ತಿಸಬೇಕು. ಬಣ್ಣ ಬಳಿಯುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಕು. ಇದಕ್ಕಾಗಿ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿತು. ನಾನು ಎದ್ದುನಿಂತು ಎಲ್ಲ ಹೇಳಿದೆ. ಮಗಳ ವಿಷಯ ಹೇಳುವಾಗ ಅವಳ ಇನ್‌ಹೇಲರ್ ಎತ್ತಿ ತೋರಿಸಿದೆ. ಮೊದಲ ಮಹಡಿಯವರ ಮಗಳನ್ನು ನೋಡಲು ಶಿರಸಿಯಿಂದ ಬರುವವರಿದ್ದರು. ಮೂರನೇ ಮಹಡಿಯವರು ತಮ್ಮ ಮನೆಯನ್ನು ಭಟ್ಕಳದ ಯಾರಿಗೋ ಮಾರುವ ಮಾತುಕತೆಯಲ್ಲಿದ್ದರು. ಈಗ ಗೋಡೆ ಕೆತ್ತಿಸಿ ಊರಿಗೆ ತೋರಿಸುವುದು ಯಾರಿಗೂ ಬೇಡವಾಗಿತ್ತು. ಅವರೆಲ್ಲರ ಮನೆಯಲ್ಲೂ ಯಾರೋ ಒಬ್ಬರು ಕೆಮ್ಮುತ್ತಿದ್ದರು, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಎಲ್ಲರೂ ಸೆಕ್ರೆಟರಿಯ ಮುಖ ನೋಡಿದರು.

ಅವರು ಎದ್ದು, ಅಂಗಿ ಸರಿಮಾಡಿಕೊಂಡು, ನಗುತ್ತ ಹೇಳಿದರು: “ಒಬ್ರಿಗಾಗಿ ಎಲ್ಲರ ತಲೆ ಮೇಲೆ ಮಳೆ ಹೊಯ್ಸೂಕಾಗೂದಿಲ್ಲ. ಗಾಳಿ ಬೇಕಾದವ್ರು ಸಮುದ್ರಕ್ಕೆ ಹೋಗ್ಲಿ. ಎಂತಾ ದೂರ ಅದ್ಯಾ ನಮ್ಗೆ?”

ಜನ ನಕ್ಕರು. ಅವರು ನಗುವುದಕ್ಕೆ ಹಾತೊರೆಯುತ್ತಿದ್ದರು. ನಕ್ಕರೆ ಕೈ ಎತ್ತುವುದು ಸುಲಭ. ಎತ್ತಿದರು. ಶೀಟು ಉಳಿಯಿತು.

“ಆತು ಸರ್, ಹೋಗ್ತೇವೆ” ಎಂದೆ ನಾನು.

ಸಿಟ್ಟಿಗೆ ಆಡಿದ ಮಾತು. ಆದರೆ ಸಮುದ್ರದ ದಂಡೆಯ ಬಾಡ ಎಂಬ ಹಳ್ಳಿಯಲ್ಲಿ ಪರಿಚಯದವರ ಎರಡು ಹೆಂಚಿನ ಮನೆಗಳು ಒಂದರ ಬದಿಗೆ ಒಂದು ಖಾಲಿ ಇದ್ದವು. ಆ ತಿಂಗಳೇ ಫ್ಲಾಟಿಗೆ ಬೀಗ ಹಾಕಿ, ಅವುಗಳಲ್ಲಿ ಒಂದಕ್ಕೆ ಬಾಡಿಗೆಗೆ ಹೋದೆವು. ಹೆಂಚಿನ ಸಂದಿಯಲ್ಲಿ ಗಾಳಿ, ಬಾಗಿಲ ಸಂದಿಯಲ್ಲಿ ಗಾಳಿ. ಮೀನು ಒಣಗಿಸುವ ವಾಸನೆ ಬರುತ್ತಿತ್ತು, ಬಂದು ಹೋಗುತ್ತಿತ್ತು. ಹೋಗುವ ವಾಸನೆಗೆ ನಾನು ಹೆದರುವುದಿಲ್ಲ. ನಿಧಾನವಾಗಿ ಮಗಳ ಎದೆಯ ಸದ್ದು ನಿಂತಿತು. ಮುಂದಿನ ಮಳೆಗಾಲದಲ್ಲಿ, ಬಳಸದೆ ಬಿಟ್ಟಿದ್ದ ಇನ್‌ಹೇಲರ್ ಎಲ್ಲಿಟ್ಟೆ ಎಂದು ಹುಡುಕಬೇಕಾಯಿತು. ಈಗ ಅವಳು ಸಮುದ್ರದ ದಂಡೆಯಲ್ಲಿ ಹುಡುಗರ ಜೊತೆ ಓಡುತ್ತಾಳೆ.

ಇದನ್ನು ಋಣ ಎನ್ನುವುದಾದರೆ ಹೌದು, ಆ ಮನುಷ್ಯನ ಋಣ ನನ್ನ ಮೇಲಿದೆ. ಸಭೆಯಲ್ಲಿ ನಾನು ಗೆದ್ದಿದ್ದರೆ ಅಲ್ಲೇ ಉಳಿಯುತ್ತಿದ್ದೆ. ಶೀಟು ಎತ್ತರಿಸುತ್ತಿದ್ದೆವು, ಪೈಪು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆವು, ಗಿಲಾವು ಅರ್ಧ ಕೆತ್ತಿಸುತ್ತಿದ್ದೆವು. ನನಗೆ ಆ ಜನ ಗೊತ್ತು. ಅರ್ಧಂಬರ್ಧ ಗಾಳಿಯಲ್ಲಿ ನನ್ನ ಮಗಳು ಇನ್ನೂ ಎಷ್ಟು ವರ್ಷ ತೇಕುತ್ತಿದ್ದಳೋ. ಅವರು ನನ್ನನ್ನು ಹಾಸ್ಯಮಾಡಿ ಓಡಿಸಿದರು, ಮಗು ಉಳಿಯಿತು. ಉದ್ದೇಶವಿಲ್ಲದೆ ಮಾಡಿದ ಉಪಕಾರಕ್ಕೆ ಕೈಮುಗಿಯಬೇಕೋ ಬೇಡವೋ ನನಗೆ ತಿಳಿಯದು. ನಾನಂತೂ ಮುಗಿದಿಲ್ಲ.

ಎರಡು ವರ್ಷದ ಮೇಲೆ ಅವರ ಹೆಂಡತಿಯ ಫೋನು ಬಂತು. “ಅವರಿಗೆ ಆರಾಮಿಲ್ಲ. ನಿಮ್ಮನ್ನ ಕೇಳ್ತಿದ್ರು.” ಹೋದೆ. ಮೆಟ್ಟಿಲಿನ ತಿರುವಿನಲ್ಲಿ ಯಾರೂ ನಿಂತಿರಲಿಲ್ಲ, ಗೋಡೆ ಬರಿದಾಗಿ ಕಾಣುತ್ತಿತ್ತು. ಸೆಕ್ರೆಟರಿ ಹಾಲಿನಲ್ಲಿ ಒರಗು ಕುರ್ಚಿಯಲ್ಲಿದ್ದರು. ಅರ್ಧಕ್ಕರ್ಧ ಇಳಿದಿದ್ದರು. ಮೂಗಿಗೆ ನಳಿಗೆ. ಪಕ್ಕದಲ್ಲಿ ಗುಂಯ್ಗುಡುವ ಆಮ್ಲಜನಕದ ಯಂತ್ರ, ಅದರ ಮೇಲೆ ಕಸೂತಿಯ ಬಟ್ಟೆ. ಯಾರಾದರೂ ಬಂದರೆ ನಳಿಗೆ ತೆಗೆದು, ಅದು ನೀರಿನ ಫಿಲ್ಟರು ಎನ್ನುತ್ತಾರಂತೆ. ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ, ಬೂಷ್ಟು ಮತ್ತು ಪಾರಿವಾಳದ ಗಲೀಜಿನಿಂದ ಇರಬೇಕು, ಮೊದಲು ಮನೆ ಬದಲಿಸಿ ಎಂದು ಉಡುಪಿಯ ಕಡೆಯ ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಹೇಳಿ ವರ್ಷವಾಗಿತ್ತು. ಇದೆಲ್ಲ ಹೆಂಡತಿ ಅಡಿಗೆಮನೆಯಲ್ಲಿ, ಚಹಾ ಸೋಸುತ್ತ, ಉಸುರಿದ್ದು.

ಸೆಕ್ರೆಟರಿ ನನ್ನೆದುರು ನಳಿಗೆ ತೆಗೆಯಲಿಲ್ಲ. ಅಷ್ಟರಮಟ್ಟಿಗೆ ನನ್ನನ್ನು ಮನೆಯವಳೆಂದು ಎಣಿಸಿದರೋ, ತೆಗೆಯುವ ಶಕ್ತಿ ಇರಲಿಲ್ಲವೋ.

“ಮಗು ಹೆಂಗದೆ ಅಕ್ಕೋರೇ?”

“ಆರಾಮದೆ ಸರ್. ಓಡ್ತದೆ.”

ಮೂಗಿನ ನಳಿಗೆ ಸರಿಮಾಡಿಕೊಂಡರು. “ಬಾಡದ ಬದಿ ಗಾಳಿ ಹೆಂಗದೆ?”

ಅವರ ಇಡೀ ಜೀವಮಾನದ ತಪ್ಪೊಪ್ಪಿಗೆ ಅಷ್ಟೇ. ನನಗೆ ಕನಿಕರವಾಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. “ಚಲೋ ಅದೆ. ನಮ್ಮ ಬದಿಯ ಮನೆ ಇನ್ನೂ ಖಾಲಿ ಅದೆ. ನಾಳೇನೇ ಬನ್ನಿ ನೀವಿಬ್ರೂ. ಸಾಮಾನು ನಾವು ಸಾಗಿಸ್ತೇವೆ” ಎಂದೆ.

ಅವರ ಕಣ್ಣು ಆ ಮನೆಗೆ ಹೋಗಿಬಂದ ಹಾಗೆ ಕಾಣಿಸಿತು. ಒಳಬಾಗಿಲಿನಲ್ಲಿ ನಿಂತ ಹೆಂಡತಿ ಕೆಮ್ಮನ್ನು ತಡೆಹಿಡಿದು ಉತ್ತರಕ್ಕೆ ಕಾಯುತ್ತಿದ್ದರು.

“ಸೆಕ್ರೆಟರಿನೇ ಬಿಲ್ಡಿಂಗ್ ಬಿಟ್ಟು ಹೋದ ಅಂದ್ರೆ ಜನ ಎಂತಾ ಹೇಳ್ತ್ರು?” ಎಂದರು ಅವರು. ಆಮೇಲೆ, ತೇಕುತ್ತ, “ಮಳೆಗಾಲ ಮುಗೀಲಿ. ನೋಡ್ವಾ.”

ನನ್ನ ಕನಿಕರ ಅಲ್ಲಿಗೇ ಇಂಗಿತು. ತನ್ನ ಉಸಿರನ್ನು ಮಾನಕ್ಕೆ ಒತ್ತೆ ಇಡುವವನು ಇಡಲಿ, ಅದು ಅವನ ಹಕ್ಕು. ಬಾಗಿಲಿನಲ್ಲಿ ನಿಂತ ಇನ್ನೊಂದು ಜೀವದ ಉಸಿರನ್ನೂ ಕೇಳದೆ ಸೇರಿಸಿ ಇಡುತ್ತಾರಲ್ಲ, ಅಂಥವರನ್ನು ನಾನು ಸಾಯುವ ಹೊತ್ತಿನಲ್ಲೂ ಗೌರವಿಸಲಾರೆ. ಚಹಾ ಕುಡಿಯದೆ ಎದ್ದು ಬಂದೆ.

ಮಳೆಗಾಲ ಮುಗಿಯಲಿಲ್ಲ, ಅವರು ಮುಗಿದರು. ಹಾಲಿನ ನಡುವೆ ಮಲಗಿಸಿದ್ದರು. ಮಳೆ ಹೊಡೆಯುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಊದಿನಕಡ್ಡಿ ಹಚ್ಚಿ, ಇಡೀ ಕಟ್ಟಡ ಆ ಕೋಣೆಯಲ್ಲಿ ಕೂತಿತ್ತು. ಅವರಂಥ ಸೆಕ್ರೆಟರಿ ಇನ್ನು ಸಿಕ್ಕುವುದಿಲ್ಲ, ಕಟ್ಟಡಕ್ಕೆ ಒಂದು ಕಪ್ಪುಚುಕ್ಕೆ ಹತ್ತಲು ಬಿಟ್ಟವರಲ್ಲ ಎಂದು ಮೂರನೇ ಮಹಡಿಯವರು ಹೇಳುತ್ತಿದ್ದರು. ಉಳಿದವರು ಹೌದು ಹೌದು ಎನ್ನುತ್ತ, ಕರವಸ್ತ್ರದಲ್ಲಿ ಕೆಮ್ಮುತ್ತಿದ್ದರು. ಸೆಕ್ರೆಟರಿಯ ಅಣ್ಣನ ಮಗ ಬೆಂಕಿ ಕೊಡುವವನು. ಕ್ರಿಯೆ ಮುಗಿಯುವ ತನಕ ಚಿಕ್ಕಮ್ಮ ಈ ಮನೆ ಬಿಟ್ಟು ಹೋಗುವಂತಿಲ್ಲ, ಆಮೇಲೂ ಚಿಕ್ಕಪ್ಪ ಬಾಳಿದ ಮನೆ, ಇಲ್ಲೇ ದೀಪ ಹಚ್ಚಿಕೊಂಡು ಇರಲಿ ಎಂದು ಅವನು ಹಿರಿಯರ ಹತ್ತಿರ ಮಾತಾಡಿ ನಿಶ್ಚಯಿಸುತ್ತಿದ್ದ.

ನಾನು ಹೆಂಡತಿಯ ಪಕ್ಕ ಹೋಗಿ ಕೂತೆ. ಅವರ ಕೈ ಹಿಡಿದೆ. ಅವರು ಅಳುತ್ತಿರಲಿಲ್ಲ. ಶವದ ಮುಖವನ್ನೇ ನೋಡುತ್ತ, ನನಗೆ ಮಾತ್ರ ಕೇಳುವಂತೆ ಕೇಳಿದರು:

“ಬಾಡದ ಆ ಮನೆ ಯಾರಿಗಾದ್ರೂ ಕೊಟ್ರಾ?”

“ಇಲ್ಲ.”

“ಇವತ್ತು ಇವರನ್ನ ಒಯ್ದ ಕೂಡ್ಲೆ ನಾ ನಿಮ್ ಸಂಗಡ ಬತ್ತೆ. ಕ್ರಿಯೆ ಎಲ್ಲಾ ಅಲ್ಲೇ ಆಗ್ಲಿ. ಯಾರು ಎಂತಾ ಹೇಳಿದ್ರೂ ಅಡ್ಡಿಲ್ಲ.”

“ಆತು” ಎಂದೆ.

ಕೆಮ್ಮು ಬಂತು. ಸೆರಗು ಬಾಯಿಗೆ ಹೋಗಲಿಲ್ಲ, ಎಲ್ಲರೆದುರು ಜೋರಾಗಿಯೇ ಕೆಮ್ಮಿದರು. ಸುಧಾರಿಸಿಕೊಂಡು ಮತ್ತೆ ನನ್ನ ಕಡೆ ಬಾಗಿದರು.

“ಅಕ್ಕೋರೇ, ಅಲ್ಲಿ ಕಿಟಕಿ ತೆಗೂಕೆ ಬತ್ತದ್ಯಾ?”

“ಬತ್ತದೆ. ಎಲ್ಲಾ ಕಿಟಕಿನೂ ಬತ್ತದೆ” ಎಂದೆ ನಾನು.